ಬ್ಯಾಂಕರಿನ ಹೆಂಡತಿ

"ಮೋಸ ಹೋದ್ವಿ ಅತ್ತೆ," ಎಂದು ಸೊಸೆ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಿದಳು.

ಏರಿನ ಕೆಳಗಿನ ತಿರುವಿನಲ್ಲಿ ಕಾಣಿಸಿಕೊಂಡ ರೈಲಿನ ಮುಂದಿದ್ದುದು ಹೊಸ ನೀಲಿ ಡೀಸೆಲ್ ಇಂಜಿನ್. ಮಾವ ಬದುಕಿಡೀ ಓಡಿಸಿದ ಕಲ್ಲಿದ್ದಲಿನ ಇಂಜಿನ್ನಿಗೆ ಇವತ್ತು ಕೊನೆಯ ಸಲ ಬೆಂಕಿ ಹಾಕುತ್ತಾರೆ, ಆಮೇಲೆ ಅದು ಮ್ಯೂಸಿಯಂ ಸೇರುತ್ತದೆ ಎಂದು ಕೇಳಿ, ತನ್ನ ಸ್ಟುಡಿಯೋಗೆ ಬೀಗ ಹಾಕಿ ಅತ್ತೆಯನ್ನು ಕರೆತಂದಿದ್ದಳು. ತೀರಿಹೋದ ಮಾವನದೆಂದು ಮನೆಯಲ್ಲಿದ್ದುದು ಗುರುತಿನ ಚೀಟಿಯ ಮಸುಕು ಮುಖವೊಂದೇ. ಅದರ ಪಕ್ಕಕ್ಕೆ, ಇನ್ನೂ ಉಸಿರಾಡುವ ಆ ಇಂಜಿನ್ನಿನದೊಂದು ಚಿತ್ರ ಬೇಕೆಂಬುದು ಅತ್ತೆಯ ಆಸೆ.

"ಸ್ಟೇಷನ್ನಿನೋರು ಇದೇ ಗಾಡಿ ಅಂದ್ರಲ್ಲೇ?"

"ಅಂದ್ರು. 'ಹಳೇದು ಬ್ಯಾಂಕರ್ ಆಗಿ ಬರುತ್ತೆ' ಅಂದ್ರು. ಯಾರೋ ಬ್ಯಾಂಕಿನೋರು ಕೊಂಡ್ಕೊಂಡಿರಬೇಕು ಅಂದ್ಕೊಂಡೆ."

ಅತ್ತೆ ನಕ್ಕರು. "ನಿನ್ನ ಮಾವನೂ ಹಾಗೇ, 'ನಾನು ಬ್ಯಾಂಕರ್ ಕಣೇ' ಅಂತಿದ್ರು. ತಮಾಷೆಗೆ ಅಂತಾರೆ ಅಂತ ನಾನು. ಓಣಿಯೋರೆಲ್ಲ ನನ್ನ ಬ್ಯಾಂಕರಮ್ಮ ಅಂತ ರೇಗಿಸ್ತಿದ್ರು."

ಗಂಡನ ಬಾಯಿಂದ ಬಿದ್ದ ರೈಲಿನ ಮಾತುಗಳು ಅವರಿಗೆ ಚಿಕ್ಕಂದಿನಲ್ಲಿ ಕೇಳಿ ಕಲಿತ ಪದ್ಯಗಳ ಹಾಗೆ. ಅರ್ಥ ಹೇಳಿದವರಿಲ್ಲ, ಒಂದಕ್ಷರ ಮರೆತಿಲ್ಲ.

ಬೋಗಿಗಳು ನಿಧಾನವಾಗಿ ಸರಿದವು. ಸೊಸೆ ಲೆನ್ಸಿಗೆ ಮುಚ್ಚಳ ಹಾಕಿದಳು. ಅಷ್ಟರಲ್ಲಿ ಕಾಲಡಿಯ ಜಲ್ಲಿ ಅದುರಿತು. ಕೊನೆಯ ಬೋಗಿಯ ಬೆನ್ನಿಗೆ ಮೂಗೊತ್ತಿಕೊಂಡು, ಕರಿ ಮೈಯಿಂದ ಉಗಿ ಚಿಮ್ಮಿಸುತ್ತ, ಏದುಸಿರು ಬಿಡುತ್ತ ಹಳೆಯ ಇಂಜಿನ್ ಬಂತು. ಸೊಸೆ ಮುಚ್ಚಳ ಕಿತ್ತು ಕ್ಯಾಮೆರಾ ಎತ್ತುವುದರೊಳಗೆ ಹೊಗೆ ಇಬ್ಬರನ್ನೂ ನುಂಗಿತು. ಹೊಗೆ ಕರಗಿದಾಗ ಹಳಿ ಖಾಲಿ.

"ಅಯ್ಯೋ, ತಳ್ತಾ ಇತ್ತಲ್ಲೇ ಅದು!" ಎಂದರು ಅತ್ತೆ.

ಹಳಿ ನೋಡಿಕೊಂಡು ಬಂದ ಗ್ಯಾಂಗ್‌ಮನ್, ಕೆಮ್ಮುತ್ತಿದ್ದ ಇಬ್ಬರನ್ನು ಕಂಡು ನಿಂತ. "ಬ್ಯಾಂಕರ್ ಅಂದ್ರೆ ಅದೇ ಅಲ್ವೇನಮ್ಮಾ? ಏರು ಹತ್ತೋಕೆ ಹಿಂದಿನಿಂದ ತಳ್ಳೋ ಇಂಜಿನ್."

"ಯಾವಾಗ್ಲೂ ಹಿಂದೇನಾ?" ಎಂದು ಅತ್ತೆ ಕೇಳಿದರು.

"ಈ ಏರಿನಲ್ಲಿ ಅದಕ್ಕೆ ಯಾವಾಗ್ಲೂ ಅದೇ ಕೆಲಸ."

"ಮದುವೆಯಾದ ಹೊಸದರಲ್ಲಿ ಹಳಿ ಪಕ್ಕದ ನಮ್ಮನೆ ಬಾಗಿಲಲ್ಲಿ ನಿಂತು, ಇವ್ರು ಅದರಲ್ಲೇ ಇರ್ತಾರೆ ಅಂತ ಮುಂದಿನ ಇಂಜಿನ್ನಿಗೆ ಕೈ ಬೀಸ್ತಿದ್ದೆ ಕಣೇ," ಎಂದರು ಅತ್ತೆ, ಸೊಸೆಗೆ. "ಬೀಸಿ, ಒಳಗೆ ಹೋಗಿಬಿಡ್ತಿದ್ದೆ. ಒಲೆ ಮೇಲೆ ಏನಾದ್ರೂ ಇರೋದು. ಊಟಕ್ಕೆ ಕೂತಾಗ 'ಇವತ್ತೂ ನಿನ್ನ ಬೆನ್ನೇ ನೋಡಿದೆ' ಅನ್ನೋರು."

"ಮಾವ ಬಿಡಿಸಿ ಹೇಳಬಾರದಿತ್ತಾ?"

"ನಾನು ಕೇಳಿದ್ರೆ ತಾನೆ? ಆ ಮುಂದಿನ ಡ್ರೈವರ್ ಯಾವನೋ, ಪಾಪ, ಏನಂದ್ಕೊಂಡ್ನೋ!"

ಸೊಸೆ ತಡೆಯಲಾರದೆ ನಕ್ಕಳು. ಅತ್ತೆ ಆಗಲೇ ಗ್ಯಾಂಗ್‌ಮನ್ ಕಡೆ ತಿರುಗಿದ್ದರು. "ಮೇಲೆ ಹೋದ್ಮೇಲೆ ಏನು ಮಾಡುತ್ತಪ್ಪಾ ಅದು?"

"ಗಾಡಿ ಬಿಟ್ಟು ಒಂಟಿಯಾಗಿ ವಾಪಸ್ ಇಳಿಯುತ್ತಮ್ಮಾ. ಇನ್ನೇನು, ಬಂದುಬಿಡುತ್ತೆ."

ಸೊಸೆ ಲಗುಬಗೆಯಿಂದ ಲೆನ್ಸಿನ ಮಸಿ ಒರೆಸಿದಳು. "ಬಿಸಿಲು ಈ ಕಡೆ ಚೆನ್ನಾಗಿದೆ ಅತ್ತೆ, ಇಲ್ಲೇ ನಿಂತ್ಕೊಳ್ಳಿ."

"ಡ್ರೈವರ್ ಯಾವ ಕಡೆ ಕೂತಿರ್ತಾನಪ್ಪಾ?"

ಗ್ಯಾಂಗ್‌ಮನ್ ಹಳಿಯಾಚೆ ಬೆರಳು ತೋರಿಸಿದ. ಅತ್ತೆ ಅವನ ತೋಳು ಹಿಡಿದು ದಾಟಿದರು. ಆ ಬದಿಯಲ್ಲಿ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತಿತ್ತು. ಸೊಸೆ ಕ್ಯಾಮೆರಾ ಎತ್ತಿಕೊಂಡು ಹಿಂದೆ ನಡೆದಳು. ಅತ್ತೆ ಜಲ್ಲಿಯ ಮೇಲೆ ಕಾಲೂರಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಮೇಲಿನ ತಿರುವಿನಲ್ಲಿ ಮೆಲ್ಲಗೆ ದಪ್ಪಗಾಗುತ್ತಿದ್ದ ಹೊಗೆಯತ್ತ ನೋಡುತ್ತ ನಿಂತರು.