ಭಾರಕ್ಕೆ ಕೂರುವವನು

ದಾವಣಗೆರೆ ಮಂಡಿಪೇಟೆಯ ಭತ್ತದ ವ್ಯಾಪಾರಿ ಬಕ್ಕೇಶಪ್ಪನವರ ಜೀಪಿಗೆ ಇಬ್ಬರು ಆಳು. ಓಡಿಸುವುದಕ್ಕೆ ಖಾಜಾ ಹುಸೇನ್, ಕೂರುವುದಕ್ಕೆ ಅವನ ಹೆಂಡತಿಯ ತಮ್ಮ ಇಮಾಮ್ ಸಾಬ್. ಕೂರುವುದೂ ಒಂದು ಕೆಲಸವೇ ಎಂದು ನಗುವವರು, ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಭಾನುವಳ್ಳಿ ಕಡೆಯ ಎರೆಮಣ್ಣಿಗೆ ಒಮ್ಮೆ ಗಾಡಿ ಇಳಿಸಿ ನೋಡಬೇಕು. ಮಿಲಿಟರಿ ಹರಾಜಿನಲ್ಲಿ ತಂದ ಜೀಪು. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲವಿದೆ ಎಂದು ದೊಡ್ಡ ಹೆಸರು. ಆದರೆ ಹಿಂದಿನ ಒಂದು ಚಕ್ರ ಕೆಸರಿನಲ್ಲಿ ಜಾರಿತೋ, ಹಿಂದಿನ ಬಲವೆಲ್ಲ ಅದರ ಪಾಲಾಗಿ ಅದೊಂದೇ ಗಿರಗಿರ ತಿರುಗುತ್ತಿತ್ತು. ಅದರ ಜೋಡಿ ಅಲುಗುತ್ತಿರಲಿಲ್ಲ. ಆಗ ಖಾಜಾ ಕತ್ತು ಹೊರಗೆ ಹಾಕಿ, "ಭಾರಕ್ಕೆ ಕೂಡು" ಎನ್ನುತ್ತಿದ್ದ. ದಡೂತಿ ಇಮಾಮ್ ಆ ಚಕ್ರದ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತರೆ ಚಕ್ರ ತೆಪ್ಪಗೆ ನೆಲ ಕಚ್ಚುತ್ತಿತ್ತು.

ಎಲ್ಲಿ ಹಚ್ಚಿದರೂ ವಾರ ನಿಲ್ಲದ ಮನುಷ್ಯ ಈ ಒಂದು ಕೆಲಸದಲ್ಲಿ ಮಾತ್ರ ಮಹಾರಾಜ. ಈ ಕೆಲಸವನ್ನು ನಂಬಿಯೇ ಹರಿಹರದವರು ತಮ್ಮ ಮಗಳು ಮುಮ್ತಾಜಳನ್ನು ಅವನಿಗೆ ಕೊಡಲು ಒಪ್ಪಿದ್ದರು.

ಎಪ್ಪತ್ತೊಂಬತ್ತರಲ್ಲಿ ಬಕ್ಕೇಶಪ್ಪ ಕರೂರಿನ ಮೆಕ್ಯಾನಿಕ್ ಮಸ್ತಾನಸಾಬರ ಶೆಡ್ಡಿನಲ್ಲಿ, ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿಗೆ ಲಾಕ್ ಕೂರಿಸಿದರು. ಗೇರಿನ ಪಕ್ಕದ ಹೊಸ ಹಿಡಿ ಎಳೆದರೆ ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುತ್ತಿದ್ದವು.

"ಗಾಡಿ ನಿಂತಾಗ ಹಾಕು," ಎಂದರು ಮಸ್ತಾನಸಾಬ್. "ಕೆಸರು ದಾಟಿದ ಕೂಡ್ಲೇ ಬಿಡಿಸು. ಗಟ್ಟಿ ನೆಲದಾಗೆ ಲಾಕ್ ಇದ್ರೆ ಸ್ಟೇರಿಂಗ್ ಮಾತು ಕೇಳಲ್ಲ, ಗಾಡಿ ನೆಟ್ಟಗೆ ನುಗ್ತೈತೆ. ಇನ್ಮ್ಯಾಲೆ ಮಡ್‌ಗಾರ್ಡ್ ಮ್ಯಾಲೆ ಯಾರನ್ನೂ ಕೂರಿಸಬ್ಯಾಡ. ಎರಡೂ ಚಕ್ರ ಒಟ್ಟಿಗೆ ಕಚ್ಚಿದ್ರೆ ಗಾಡಿ ಹಾರ್ತೈತೆ."

ಬಕ್ಕೇಶಪ್ಪನವರ ಕಿವಿಗೆ ಬಿದ್ದದ್ದು ಕೂರಿಸುವ ಮಾತೊಂದೇ. "ಹಂಗಾದ್ರೆ ಇಮಾಮ್‌ನ ಕೆಲ್ಸದಿಂದ ಬಿಡಿಸಿಬಿಡಣ," ಎಂದರು.

ಖಾಜಾ ಸೌಕಾರರಿಗೆ ಅಡ್ಡ ಬಂದು ನಿಂತ. "ಒಂದ್ಸಲ ಕೆಸರಿಗಿಳಿಸಿ ನೋಡಣ್ರಿ ಸೌಕಾರ್ರೆ, ಆಮ್ಯಾಲೆ ಬಿಡಿಸಿದ್ರಾತು," ಎಂದು ಬೇಡಿಕೊಂಡ.

ನೋಡುವ ದಿನ ಬೇಗ ಬಂತು. ಭಾನುವಳ್ಳಿಯ ಕಾಲುವೆ ಏರಿಯ ಕೆಳಗೆ ಜೀಪು ಹೂತುಕೊಂಡಿತು. ಬಕ್ಕೇಶಪ್ಪ ಪಂಚೆ ಎತ್ತಿ ಕಟ್ಟಿ, ಇಳಿದು, ಏರಿಯ ಮೇಲೆ ನಿಂತು, "ಲಾಕ್ ಹಾಕಪ್ಪ," ಎಂದರು. ಖಾಜಾ ಹಿಡಿ ಎಳೆದ. ಲಾಕ್ ಕೂತದ್ದು ಕೈಗೆ ಗೊತ್ತಾಯಿತು. ಈಗ ಆಕ್ಸಿಲರೇಟರ್ ಮೆಲ್ಲಗೆ ತುಳಿದರೆ ಸಾಕು, ಗಾಡಿ ತಾನೇ ಮೇಲೆ ಬರುತ್ತದೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಂದರೆ ಇಮಾಮ್ ನಾಳೆಯಿಂದ ಮನೆಯಲ್ಲಿ. ಕೆಲಸವಿಲ್ಲದವನಿಗೆ ಹರಿಹರದವರು ಮಗಳನ್ನು ಕೊಡುವ ಜನವಲ್ಲ.

"ಲಾಕ್ ಒಂದೇ ಸಾಲಲ್ರಿ, ಭಾರನೂ ಬೇಕು," ಎಂದ ಖಾಜಾ.

ಕರೆಯುವುದನ್ನೇ ಕಾಯುತ್ತಿದ್ದ ಇಮಾಮ್ ಎಡಗಡೆಯ ಮಡ್‌ಗಾರ್ಡಿನ ಮೇಲೆ ಹತ್ತಿ, ಸೌಕಾರರ ಕಡೆ ನೋಡಿ ನಕ್ಕ. ಹುಷಾರಾಗಿ ಬಿಟ್ಟರಾಯಿತು, ಒಂದು ಸಲಕ್ಕೆ ಏನೂ ಆಗದು ಎಂದುಕೊಂಡು ಖಾಜಾ ಕ್ಲಚ್ ಬಿಟ್ಟ. ಜೀಪು ಒಂದಿಷ್ಟು ಮಿಸುಕಿ ನಿಂತಿತು. ಇನ್ನೂ ಸ್ವಲ್ಪ ತುಳಿದ. ಎರಡೂ ಚಕ್ರ ಒಟ್ಟಿಗೆ ಕಚ್ಚಿ ಗಾಡಿ ನೆಗೆದು ಏರಿಯ ಗಟ್ಟಿ ದಾರಿ ಹತ್ತಿತು. ಕಾಲುವೆ ಎದುರಿಗೇ ಇತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಜೀಪು ನೆಟ್ಟಗೇ ನುಗ್ಗಿತು. ಬ್ರೇಕ್ ತುಳಿದು ನಿಲ್ಲಿಸಿದಾಗ ಮಡ್‌ಗಾರ್ಡಿನ ಮೇಲೆ ಯಾರೂ ಇರಲಿಲ್ಲ. ಇಮಾಮ್ ಹಿಂದಿನ ಚಕ್ರದ ಕೆಳಗಿದ್ದ.

ದಾವಣಗೆರೆಯ ಆಸ್ಪತ್ರೆಯಲ್ಲಿ ಎಡಗಾಲನ್ನು ಮಂಡಿಯಿಂದ ಮೇಲಕ್ಕೆ ಕತ್ತರಿಸಿ ತೆಗೆದರು. ಹರಿಹರದವರು ಬಂದು, ಬಾಗಿಲಲ್ಲೇ ನಿಂತು ನೋಡಿ, ಒಳಗೆ ಬಾರದೆ ಹೋದರು. ಬಕ್ಕೇಶಪ್ಪ ವರಾಂಡದಲ್ಲಿ ಖಾಜಾನಿಗೆ, "ಮಸ್ತಾನಸಾಬ್ ಬ್ಯಾಡ ಅಂದಿದ್ರಲ್ಲೋ," ಎಂದಷ್ಟೇ ಹೇಳಿದರು. ಬೈದಿದ್ದರೆ ವಾಸಿಯಿತ್ತು. ಹೆಂಡತಿ ಶಹರ್ಬಾನುವಿನ ಮುಖ ನೋಡುವ ಧೈರ್ಯ ಖಾಜಾನಿಗಿರಲಿಲ್ಲ. ತನ್ನ ಕೈಯಾರೆ ಅವಳ ತಮ್ಮನ ಬದುಕು ಮುಗಿಸಿದೆನೆಂದು ಒಳಗೊಳಗೇ ಬೇಯುತ್ತಿದ್ದ.

ಸಂಜೆ ಇಮಾಮ್ ಕಣ್ಣು ಬಿಟ್ಟ. ಹೊದಿಕೆಯ ಕೆಳಗೆ ಏನಾಗಿದೆಯೆಂದು ಅವನಿಗಿನ್ನೂ ಗೊತ್ತಿರಲಿಲ್ಲ.

"ಭಾವ, ಗಾಡಿ ಮ್ಯಾಲೆ ಬಂತಾ?"

"ಬಂತು."

"ಸೌಕಾರ್ರು ನೋಡಿದ್ರಾ?"

"ನೋಡಿದ್ರು."

"ಹಂಗಾದ್ರೆ ನನ್ನ ಬಿಡಿಸಲ್ಲ, ಬಿಡು," ಎಂದು ಇಮಾಮ್ ಸಮಾಧಾನದಿಂದ ಕಣ್ಣು ಮುಚ್ಚಿದ. "ಎಡಗಾಲು ಯಾಕೋ ಭಾಳ ನೋಯ್ತೈತೆ. ಒಂಚೂರು ಒತ್ತು ಭಾವ."

ಖಾಜಾ ಹೊದಿಕೆಯ ಮೇಲಿಂದ ಖಾಲಿ ಹಾಸಿಗೆಯನ್ನು ಒತ್ತತೊಡಗಿದ.