ಪಾಕ ಬರುವ ಹೊತ್ತು

ಎರಡು ಕೊಪ್ಪರಿಗೆ ಬೆಲ್ಲ ಸೀದುಹೋಗಿತ್ತು. ಎರಡೂ ನನ್ನ ಮಗಳು ನೀಲಗಂಗಮ್ಮನ ಕೈಯಲ್ಲೇ.

ಕಡ್ಡಿರಾಂಪುರದ ದಾರಿಗೆ ಹೊಂದಿಕೊಂಡೇ ನಮ್ಮ ಗಾಣ. ಆ ವರ್ಷ ಎತ್ತು ತುಳಿದು ನಮ್ಮ ಯಜಮಾನರ ಕಾಲು ಮುರಿದಿತ್ತು. ಒಲೆಯ ಮುಂದೆ ನಿಲ್ಲುವ ಅವರ ಕೆಲಸವನ್ನು ಮಗಳು ಹಟ ಹಿಡಿದು ವಹಿಸಿಕೊಂಡಿದ್ದಳು. ಚಿಕ್ಕಂದಿನಿಂದ ಅಪ್ಪನ ಪಕ್ಕದಲ್ಲಿ ನಿಂತು ಪಾಕ ನೋಡಿದವಳು. ಆದರೆ ಅಂದು ಬೆಳಿಗ್ಗೆ ನಮ್ಮ ಭಾವ ಅಂದಾನಪ್ಪನವರು ಸೀದ ಬೆಲ್ಲವನ್ನು ಮೂಸಿ ನೋಡಿದರು.

"ಇನ್ನೊಂದು ಕೆಟ್ರ ನಾಳಿಂದ ಇಲ್ಲಿ ಪಾಲಪ್ಪ ನಿಲ್ತಾನ. ನೀನು ಮನ್ಯಾಗ ರೊಟ್ಟಿ ಬಡಿ," ಎಂದು ಹೇಳಿ ಹೊಲಕ್ಕೆ ಹೋದರು.

"ಅವ್ವಾ, ಪಾಕ ನನಗ ಗೊತ್ತೈತಿ. ಮತ್ಯಾಕ ಹಿಂಗಾಗ್ತೈತಿ?" ಎಂದು ಮಗಳು ಮುಖ ಸಣ್ಣದು ಮಾಡಿಕೊಂಡಳು.

ನಾನು ಸೋಸಬೇಕಾದ ಸೊಪ್ಪನ್ನು ಮೊರದಲ್ಲಿ ಹಾಕಿಕೊಂಡು ಬಂದು ಗಾಣದ ಹತ್ತಿರವೇ ಕೂತೆ. ಕೆಲಸ ಅವಳಿಗೆ ಬರುತ್ತಿತ್ತು, ಸುಳ್ಳಲ್ಲ. ಆದರೆ ಎತ್ತು ಹೊಡೆಯುವ ಪಾಲಪ್ಪ "ನೀರು" ಎಂದರೆ ಅತ್ತ ಓಡುವಳು. ಹಂಪಿಗೆ ಹೋಗುವವರು "ಕಬ್ಬಿನ ಹಾಲು ಕೊಡವ್ವಾ" ಎಂದರೆ ಚೊಂಬು ಹಿಡಿದು ಇತ್ತ ಓಡುವಳು. ಗಾಣಕ್ಕೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕರೆದ ಕೂಡಲೇ ಓ ಎನ್ನಬೇಕೆಂದು ಅವಳಿಗೆ ಕಲಿಸಿದವಳು ನಾನೇ. ಈಗ ಓ ಎನ್ನದಿರುವುದನ್ನೂ ನಾನೇ ಕಲಿಸಬೇಕಿತ್ತು.

"ಎತ್ತು ಒಂದು ಗಳಿಗಿ ಕಾಯ್ತೈತಿ, ಕೂಸೇ. ಮಂದಿನೂ ಕಾಯ್ತಾರ. ನಿಮ್ಮಪ್ಪನ ಕಾಲಿಗೆ ಎಣ್ಣಿ ಹಚ್ಚೂದು ಸಂಜಿತನ ಕಾಯ್ತೈತಿ. ಕಾಯಲಾರದ್ದು ಯಾವುದು ಹೇಳು?"

ಅವಳು ಕೊಪ್ಪರಿಗೆಯ ಕಡೆ ನೋಡಿದಳು. "ಯಾರರ ಕರದ್ರ?"

"ಗುಳ್ಳಿ ದಪ್ಪ ಆಗೂತನ ಯಾರು ಕರದ್ರೂ ಹೋಗು. ಆಮ್ಯಾಲ ನಾನು ಕರದ್ರೂ ಬರಬ್ಯಾಡ."

"ನೀ ಕರದ್ರೂ?" ಎಂದು ನಕ್ಕಳು.

"ನಾ ಕರದ್ರೂ."

ಬಿಸಿಲು ಇಳಿಯುವ ಹೊತ್ತಿಗೆ ನೊರೆ ಅಡಗಿ, ದಪ್ಪ ಗುಳ್ಳೆಗಳು ಲೊಟಲೊಟ ಒಡೆಯತೊಡಗಿದವು. ಸರಿಯಾಗಿ ಆಗಲೇ ಭಾವನವರು ಹೊಲದಿಂದ ಬಂದರು.

"ನೀಲೀ, ಗಂಟಲು ಒಣಗೇತಿ. ಜಲ್ದಿ ಒಂದು ಚೊಂಬು ಹಾಲು ತಾ!"

ಅವಳ ಪಾದ ಅತ್ತ ತಿರುಗಿದ್ದು ಕಂಡಿತು. ನನ್ನ ಕೈಯಲ್ಲಿ ಸೊಪ್ಪು ಹಾಗೇ ಉಳಿಯಿತು. ಪಾದ ಮತ್ತೆ ಒಲೆಯ ಕಡೆಗೇ ಬಂತು.

"ಕುಂದ್ರ್ರಿ ದೊಡ್ಡಪ್ಪಾ. ಈಗ ಬರಂಗಿಲ್ಲ," ಎಂದಳು, ತಿರುಗಿ ನೋಡದೆ.

"ಏನಂದ್ಲು?" ಭಾವನವರು ನನ್ನನ್ನು ಕೇಳಿದರು.

ನಾನು ಸೆರಗು ಮುಂದಕ್ಕೆಳೆದುಕೊಂಡು, "ಕುಂದ್ರಾಕ ಹೇಳಿದ್ಲ್ರಿ," ಎಂದೆ.

ನಾನು ಎದ್ದು ಚೊಂಬು ಹುಡುಕುವಷ್ಟರಲ್ಲಿ ಮಗಳು ತಣ್ಣೀರಿಗೆ ಒಂದು ಹನಿ ಪಾಕ ಬಿಟ್ಟು, ಅದನ್ನು ಉಂಡೆ ಮಾಡಿ ಬಟ್ಟಲಿಗೆ ಎಸೆದಳು. ಟಣ್ ಎಂದಿತು.

"ಇಳಸ್ರೀ!" ಎಂದು ಕೂಗಿದಳು. ಆಳುಗಳು ಕೊಪ್ಪರಿಗೆಯ ಬಳೆಗಳಿಗೆ ಬೊಂಬು ತೂರಿಸಿದರು. ಒಂದು ಹೆಗಲು ಕಡಿಮೆ ಬಿತ್ತು. "ದೊಡ್ಡಪ್ಪಾ, ಆ ಕಡೆ ಹಿಡೀರಿ, ಜಲ್ದಿ!"

"ಓ," ಎನ್ನುತ್ತಾ ಭಾವನವರು ರುಮಾಲು ಜಾರಿದ್ದನ್ನೂ ನೋಡದೆ ಓಡಿಬಂದು ಹೆಗಲು ಕೊಟ್ಟರು.

ಅಚ್ಚುಗಳಿಗೆ ಸುರಿದ ಬೆಲ್ಲ ಹೊನ್ನಿನ ಬಣ್ಣಕ್ಕಿತ್ತು. ಕೈ ತೊಳೆದುಕೊಂಡು, ಚೊಂಬು ತುಂಬಿಸಿ, ಮಗಳು ಅವರ ಮುಂದೆ ನಿಂತಳು. "ಈಗ ಕುಡೀರಿ, ದೊಡ್ಡಪ್ಪಾ."

ಅವರು ಒಂದೇ ಗುಟುಕಿಗೆ ಕುಡಿದು ಮೀಸೆ ಒರೆಸಿಕೊಂಡರು.

"ನಾಳೆ ಕಬ್ಬು ಜಲ್ದಿ ಕಳಸ್ತೀನಿ. ಹೊತ್ತಿಗೆ ಸರಿಯಾಗಿ ಒಲಿ ಹಚ್ಚು," ಎಂದರು.

ನಾನು ಉಳಿದ ಸೊಪ್ಪು ಸೋಸಲು ಕೂತೆ.