ಸೊಸೆಯ ಮೇಲಿನ ದೂರು

ಬಾಬೆಲಿನ ಸೆರೆಯಿಂದ ಯೆರೂಸಲೇಮಿಗೆ ಮರಳಿದ ಯೆಹೂದ್ಯರಲ್ಲಿ ಮುದುಕಿ ಯೆರೂಷಳ ಬಾಯಿಗೆ ಹೆದರದವರಿರಲಿಲ್ಲ. ಸೊಸೆ ಅರಿಶತ್ ಮಾತ್ರ ಹೆದರುತ್ತಿರಲಿಲ್ಲ. ಅನ್ಯಜಾತಿಯವರ ಊರಾದ ಅಷ್ಡೋದಿನ ಹುಡುಗಿ, ಒಂದಕ್ಕೆರಡು ಎದುರಾಡುವವಳು. ಒಂದು ದಿನ ಜಗಳ ಅತಿಯಾಗಿ, ಯೆರೂಷ ಸಿಟ್ಟಿನ ಭರದಲ್ಲಿ ಕುಲದ ಹಿರಿಯ ಹಷೂಬನಿಗೆ ದೂರು ಕೊಟ್ಟು ಬಂದಳು.

ಬೇರೆ ದೇವರುಗಳನ್ನು ಮನೆಯೊಳಗೆ ತರುತ್ತಾರೆಂದು ಅನ್ಯಜಾತಿಯ ಹೆಂಡತಿಯರನ್ನು ಬಿಟ್ಟುಬಿಡಬೇಕೆಂದು ಸಭೆ ತೀರ್ಮಾನಿಸಿದ್ದ ಕಾಲವದು. ಹಷೂಬ ಮರುದಿನವೇ ಬಂದು, ಅರಿಶತ್ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೊರಡಬೇಕು ಎಂದ. ಮಗ ಪೆಲತ್ಯ ಮಿಕಿಮಿಕಿ ನೋಡುತ್ತ ನಿಂತ. ಸೊಸೆ ಹಿಟ್ಟು ಬೀಸುತ್ತಿದ್ದವಳು ಕೈ ನಿಲ್ಲಿಸಿ ತಲೆ ತಗ್ಗಿಸಿದಳು. ಅವಳು ಎದುರು ಮಾತಾಡದ್ದನ್ನು ಯೆರೂಷ ಕಂಡದ್ದು ಅದೇ ಮೊದಲು. ಮುದುಕಿ ಎದ್ದು ಬಂದು ಸೊಸೆಗೂ ಹಷೂಬನಿಗೂ ನಡುವೆ ನಿಂತಳು.

"ಎಲ್ಲಿಗೆ ಕಳಿಸ್ತೀರಿ ಇವಳನ್ನ?" ಎಂದಳು.

"ದೂರು ಕೊಟ್ಟೋಳು ನೀನೇ ಅಲ್ವೇನಮ್ಮ?"

"ಬುದ್ಧಿ ಹೇಳಿ ಅಂದೆ, ಓಡಿಸಿ ಅಂದೆನಾ? ಬೆಂಕಿ ಹಚ್ಚಬಾರದ ಸಬ್ಬತ್ ದಿನ ನಾನು ಮರೆತು ಒಲೆಗೆ ಸೌದೆ ಇಡೋಕೆ ಹೋದ್ರೆ ಕೈ ಹಿಡಿದು ಎಳೀತಾಳೆ. ನನಗೆ ಶಾಪ ಹಾಕೋದೂ ನಮ್ಮ ದೇವರ ಹೆಸರಲ್ಲೇ. ಇನ್ನೇನಾಗಬೇಕು ನಿಮಗೆ?"

ಹಷೂಬ ಸೊಸೆಯ ಕಡೆ ತಿರುಗಿದ. "ನಿಜವೇನಮ್ಮಾ?"

"ಹೂಂ. ಬೇರೆ ದೇವರಿಗೆ ಕಿವೀನೇ ಇಲ್ಲ ಅಂತ ಅತ್ತೇನೇ ಹೇಳಿಕೊಟ್ಟಿದ್ದು."

ಹಷೂಬ ನಗು ತಡೆಯಲು ಗಡ್ಡ ನೀವಿಕೊಂಡ. ಇವಳು ಆಗಲೇ ನಮ್ಮವಳಾಗಿಬಿಟ್ಟಿದ್ದಾಳೆಂದು ಸಭೆಗೆ ತಿಳಿಸುತ್ತೇನೆ ಎಂದು ಹೇಳಿ ಹೊರಟುಹೋದ.

ಯೆರೂಷ ಸೊಸೆಯ ಪಕ್ಕ ಕುಳಿತಳು. "ಏನಂತ ಶಾಪ ಹಾಕ್ತಿದ್ದೆ, ಸರಿಯಾಗಿ ಹೇಳೇ ಈಗ," ಎಂದಳು.